ಅಧಿಕಾರಸ್ಥರಿಗಾಗಿ ಪ್ರಾರ್ಥನೆ: ಆದಿಸಭೆಯ ಸಾಕ್ಷ್ಯ

ಭಾನುವಾರದ ಆರಾಧನೆಯಲ್ಲಿ ನಾವು ದೇಶವನ್ನಾಳುವವರಿಗಾಗಿ ವಿಜ್ಞಾಪನೆ ಮಾಡುತ್ತೇವೆ. ಒಂದೆರಡು ವಾಕ್ಯಗಳನ್ನು ಓದಿದೊಡನೆ ಸಭೆಯು ‘ಆಮೆನ್’ ಎನ್ನುತ್ತದೆ. ಮುಂದಿನ ವಿಜ್ಞಾಪನೆಗೆ ಸಾಗುತ್ತೇವೆ. ಆದರೆ ಆಳುವವರು ನಮಗೆ ಅಪ್ರಿಯರಾದಾಗ ಆ ವಾಕ್ಯಗಳು ನಾಲಿಗೆಗೆ ಭಾರವಾಗುತ್ತವೆ. ಪ್ರಿಯರಾದಾಗ ಅವು ಹೊಗಳಿಕೆಯ ಕಡೆಗೆ ವಾಲುತ್ತವೆ. ಈ ಎರಡು ಶೋಧನೆಗಳ ನಡುವೆ ಸಭೆಯು ಹೇಗೆ ಪ್ರಾರ್ಥಿಸಬೇಕೆಂಬುದನ್ನು ಮೊದಲ ನಾಲ್ಕು ಶತಮಾನಗಳ ಸಭಾಚರಿತ್ರೆಯಿಂದ ಕಲಿಯಬಹುದು.

ಅರಸರಿಗಾಗಿಯೂ ಎಲ್ಲಾ ಅಧಿಕಾರಿಗಳಿಗಾಗಿಯೂ ಪ್ರಾರ್ಥಿಸಬೇಕೆಂಬ ಬೋಧನೆಯು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿದೆ. ಅದರ ಬೇರು ಇನ್ನೂ ಹಿಂದಿನದು. ಬಾಬೆಲಿಗೆ ಸೆರೆಹೋದವರು ತಮ್ಮನ್ನು ಸೆರೆಯೊಯ್ದ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಬೇಕೆಂದು ಯೆರೆಮೀಯನು ಅವರಿಗೆ ಬರೆದಿದ್ದನು. ತಿಮೊಥೆಯನ ಪತ್ರಿಕೆಯು ಈ ಬೋಧನೆಯ ಬೆನ್ನಲ್ಲೇ ದೇವರು ಒಬ್ಬನೇ, ದೇವರಿಗೂ ಮನುಷ್ಯರಿಗೂ ಮಧ್ಯಸ್ಥನು ಕ್ರಿಸ್ತ ಯೇಸು ಒಬ್ಬನೇ ಎಂದು ಸಾರುತ್ತದೆ. ಅರಸನು ಪ್ರಾರ್ಥನೆಯನ್ನು ಸ್ವೀಕರಿಸುವವನಲ್ಲ, ಪ್ರಾರ್ಥನೆಯ ಅಗತ್ಯವುಳ್ಳವನು ಎಂಬುದೇ ಇದರ ತಾತ್ಪರ್ಯ.

ಸುಮಾರು ಕ್ರಿ.ಶ. 96ರಲ್ಲಿ ರೋಮಾಪುರದ ಸಭೆಯು ಕೊರಿಂಥದ ಸಭೆಗೆ ಬರೆದ, ಕ್ಲೆಮೆಂತನ ಹೆಸರಿನಲ್ಲಿ ಪ್ರಸಿದ್ಧವಾದ ಪತ್ರಿಕೆಯಲ್ಲಿ ಇಂಥ ಒಂದು ದೀರ್ಘ ಪ್ರಾರ್ಥನೆಯುಂಟು. ಪಾಶ್ಚಾತ್ಯ ವಿದ್ವಾಂಸರ ಕೈಯಲ್ಲಿದ್ದ ಹಳೆಯ ಹಸ್ತಪ್ರತಿಯಲ್ಲಿ ಆ ಭಾಗದ ಹಾಳೆಯೇ ಇರಲಿಲ್ಲ. ಕಾನ್‌ಸ್ಟಾಂಟಿನೋಪಲಿನಲ್ಲಿ ದೊರೆತ ಮತ್ತೊಂದು ಪ್ರತಿಯನ್ನು ಬ್ರಿಯೆನ್ನಿಯೋಸ್ ಎಂಬ ವಿದ್ವಾಂಸರು 1875ರಲ್ಲಿ ಪ್ರಕಟಿಸಿದ ಮೇಲೆಯೇ ಅದು ಮತ್ತೆ ಓದುಗರಿಗೆ ಲಭಿಸಿತು. ಅಧಿಕಾರವು ದೇವರಿಂದ ಕೊಡಲ್ಪಟ್ಟದ್ದೆಂದು ಒಪ್ಪಿ, ಆಳುವವರಿಗೆ ಆರೋಗ್ಯ, ಸಮಾಧಾನ, ಸ್ಥಿರತೆಗಳನ್ನು ಅದು ಬೇಡುತ್ತದೆ; ಅವರ ಆಲೋಚನೆಗಳನ್ನು ದೇವರಿಗೆ ಮೆಚ್ಚಿಕೆಯಾದ ಕಡೆಗೆ ನಡೆಸಬೇಕೆಂದು ಕೋರುತ್ತದೆ. ಹೀಗೆ ಪ್ರಾರ್ಥಿಸಿದ ಸಭೆಯು ಪೇತ್ರ, ಪೌಲರ ಶ್ರಮೆಗಳನ್ನೂ ತನ್ನ ನಡುವೆ ಹಿಂಸೆಗೊಳಗಾದ ಬಹುಜನರನ್ನೂ ಅದೇ ಪತ್ರಿಕೆಯಲ್ಲಿ ನೆನೆಯುತ್ತದೆ. ಗಾಯವನ್ನು ಮರೆಯದೆಯೇ ಅದು ಪ್ರಾರ್ಥಿಸಿತು. ಮತ್ತೊಂದು ಸಂಗತಿಯನ್ನೂ ಗಮನಿಸಬೇಕು. ಈ ಪತ್ರಿಕೆ ಹುಟ್ಟಿದ್ದೇ ಕೊರಿಂಥದವರು ತಮ್ಮ ಸಭಾಹಿರಿಯರನ್ನು ಅನ್ಯಾಯವಾಗಿ ಪದಚ್ಯುತಗೊಳಿಸಿದ್ದರಿಂದ. ಅರಮನೆಗಾಗಿ ಪ್ರಾರ್ಥಿಸುವವರು ತಮ್ಮ ಮನೆಯೊಳಗಿನ ನಾಯಕತ್ವವನ್ನೂ ಸರಿಪಡಿಸಿಕೊಳ್ಳಬೇಕಾಗಿತ್ತು.

ಕ್ರಿ.ಶ. 180ರ ಜುಲೈ 17ರಂದು ಕಾರ್ಥೇಜಿನ ನ್ಯಾಯಸ್ಥಾನದಲ್ಲಿ ಈ ಪ್ರಾರ್ಥನೆಯ ಎಲ್ಲೆ ಸ್ಪಷ್ಟವಾಯಿತು. ಚಕ್ರವರ್ತಿಯ ದಿವ್ಯಶಕ್ತಿಯ ಮೇಲೆ ಆಣೆಯಿಡಬೇಕೆಂದು ಪ್ರಾಂತಾಧಿಪತಿಯು ಸ್ಕಿಲ್ಲಿಯದ ಕ್ರೈಸ್ತರನ್ನು ಕೇಳಿದನು. ತಾನು ತೆರಿಗೆ ಸಲ್ಲಿಸುವವನೆಂದು ಸ್ಪೆರಾತುಸನು ಹೇಳಿದನು. ಕೈಸರನಿಗೆ ಕೈಸರನಾಗಿ ಸಲ್ಲುವ ಮಾನವುಂಟು, ಭಯಭಕ್ತಿಯಾದರೋ ದೇವರಿಗೇ ಎಂಬರ್ಥದಲ್ಲಿ ದೊನಾತಾ ಎಂಬ ಸ್ತ್ರೀ ಉತ್ತರಿಸಿದಳು. ಹನ್ನೆರಡು ಮಂದಿ ಶಿರಚ್ಛೇದಕ್ಕೊಳಗಾದರು. ಸುಮಾರು 197ರಲ್ಲಿ ಅದೇ ಕಾರ್ಥೇಜಿನ ತೆರ್ತುಲಿಯನನು ತನ್ನ ಪ್ರತಿವಾದ ಗ್ರಂಥದಲ್ಲಿ, ಕ್ರೈಸ್ತರು ಚಕ್ರವರ್ತಿಯ ದೀರ್ಘಾಯುಷ್ಯಕ್ಕಾಗಿಯೂ ನಿಷ್ಠೆಯುಳ್ಳ ಮಂತ್ರಾಲೋಚನಾ ಸಭೆಗಾಗಿಯೂ ಲೋಕದ ಶಾಂತಿಗಾಗಿಯೂ ಪ್ರಾರ್ಥಿಸುತ್ತಾರೆಂದು ವಾದಿಸಿದನು. ಹೃದಯದಿಂದ ಪ್ರಾರ್ಥಿಸುವವರಿಗೆ ಮಾತು ಹೇಳಿಕೊಡುವವನು ಬೇಕಿಲ್ಲವೆಂದೂ ಅವನು ಬರೆದನು. ಆದರೆ ಚಕ್ರವರ್ತಿಯನ್ನು ದೇವರೆಂದು ಕರೆಯಲು ಒಪ್ಪಲಿಲ್ಲ. ಹಾಗೆ ಕರೆಯುವುದು ಅವನಿಗೇ ಕೇಡೆಂದು ತಿಳಿಸಿದನು.

ನಾಲ್ಕನೆಯ ಶತಮಾನದ ಕೊನೆಗೆ ಚಕ್ರವರ್ತಿಯು ಆರಾಧನೆಯಲ್ಲಿ ಸಭೆಯ ನಡುವೆಯೇ ನಿಂತಿದ್ದನು. 390ರಲ್ಲಿ ಥೆಸಲೊನೀಕದ ಜನರು ದಂಗೆಯೆದ್ದು ಸೇನಾಧಿಕಾರಿಯೊಬ್ಬನನ್ನು ಕೊಂದಾಗ, ಥಿಯೊಡೋಸಿಯಸ್ ಚಕ್ರವರ್ತಿಯ ಆಜ್ಞೆಯಿಂದ ಅಲ್ಲಿ ಸಾಮೂಹಿಕ ಹತ್ಯೆ ನಡೆಯಿತು. ಸತ್ತವರು ಏಳು ಸಾವಿರವೆಂದು ಮುಂದಿನ ಶತಮಾನದ ಥಿಯೊಡೊರೆಟನು ಬರೆಯುತ್ತಾನೆ. ಮಿಲಾನಿನ ಬಿಷಪ್ ಅಂಬ್ರೋಸನು ಬೀದಿಯಲ್ಲಿ ಕೂಗಾಡದೆ, ಚಕ್ರವರ್ತಿಯೊಬ್ಬನೇ ಓದಲೆಂದು ಸ್ವಹಸ್ತದಿಂದ ಪತ್ರ ಬರೆದನು. ನಾತಾನನ ಮುಂದೆ ತಗ್ಗಿದ ದಾವೀದನನ್ನು ನೆನಪಿಸಿ, ಪಶ್ಚಾತ್ತಾಪವಿಲ್ಲದೆ ಅವನು ಬಂದರೆ ಪರಿಶುದ್ಧ ಭೋಜನವನ್ನು ಆಚರಿಸಲಾರೆನೆಂದು ತಿಳಿಸಿದನು. ಚಕ್ರವರ್ತಿಯು ಬಹಿರಂಗವಾಗಿ ಪಶ್ಚಾತ್ತಾಪಪಟ್ಟನು. ಅಂಬ್ರೋಸನು ಅವನಿಗಾಗಿ ಪ್ರಾರ್ಥಿಸುವುದನ್ನು ಬಿಡಲಿಲ್ಲ. ಆ ಗದರಿಕೆಯೇ ವಿಜ್ಞಾಪನೆಯ ಫಲವಾಗಿತ್ತು.

ಆದರೆ ಚರಿತ್ರೆಯನ್ನು ಅರ್ಧಕ್ಕೆ ನಿಲ್ಲಿಸುವುದು ಸತ್ಯಕ್ಕೆ ಸಲ್ಲದು. ಎರಡು ವರ್ಷಗಳ ಹಿಂದೆ, 388ರಲ್ಲಿ, ಕಲ್ಲಿನಿಕುಮ್ ಪಟ್ಟಣದ ಕ್ರೈಸ್ತರು ಯೆಹೂದ್ಯರ ಸಭಾಮಂದಿರವನ್ನು ಸುಟ್ಟಿದ್ದರು. ಅದನ್ನು ಅಲ್ಲಿಯ ಬಿಷಪನ ವೆಚ್ಚದಲ್ಲಿ ಮತ್ತೆ ಕಟ್ಟಿಸಬೇಕೆಂದು ಥಿಯೊಡೋಸಿಯಸನು ಆಜ್ಞಾಪಿಸಿದಾಗ ಅಂಬ್ರೋಸನು ವಿರೋಧಿಸಿ, ಆರಾಧನೆಯನ್ನೇ ತಡೆಹಿಡಿದು ಆಜ್ಞೆಯನ್ನು ಹಿಂತೆಗೆಸಿದನು. ಅಂದು ನ್ಯಾಯದ ಪಕ್ಷದಲ್ಲಿದ್ದವನು ಅರಸನು, ಬಿಷಪನಲ್ಲ. ವೇದಿಕೆಯ ಮುಂದೆ ನಿಂತು ಬಳಸಿದ ಅದೇ ಅಧಿಕಾರವು ಒಮ್ಮೆ ಹತರಾದವರ ಪಕ್ಷವಾಗಿಯೂ ಮತ್ತೊಮ್ಮೆ ಅನ್ಯಾಯಕ್ಕೊಳಗಾದ ನೆರೆಯವರ ವಿರುದ್ಧವಾಗಿಯೂ ನಿಂತಿತು.

ಆದುದರಿಂದ ಆಳುವವರಿಗಾಗಿ ಪ್ರಾರ್ಥಿಸುವ ಸಭಾಪಾಲಕರಾದ ನಾವು ಆ ವಿಜ್ಞಾಪನೆಯ ಹೊರಗೆ ನಿಂತವರಲ್ಲ. ದ್ವೇಷವು ನಮ್ಮ ಬಾಯಿ ಕಟ್ಟಿದಾಗ ರೋಮಾಪುರದ ಸಭೆಯನ್ನೂ, ಹೊಗಳಿಕೆಯು ಸೆಳೆದಾಗ ಸ್ಕಿಲ್ಲಿಯದ ರಕ್ತಸಾಕ್ಷಿಗಳನ್ನೂ ನೆನೆಯೋಣ. ನಮ್ಮ ಜನರ ತಪ್ಪನ್ನು ಮುಚ್ಚಿಡಲು ಮನಸ್ಸಾದಾಗ ಕಲ್ಲಿನಿಕುಮಿನ ಬೂದಿಯು ನಮ್ಮ ಕಣ್ಣಮುಂದಿರಲಿ. ಮುಂದಿನ ಭಾನುವಾರ ಆ ಎರಡು ವಾಕ್ಯಗಳನ್ನು ಓದುವಾಗ, ಅಧಿಕಾರ ಹೊಂದಿದವರ ಸಾಲಿನಲ್ಲಿ ನಮ್ಮ ಹೆಸರನ್ನೂ ಸೇರಿಸಿಕೊಂಡು ದೇವರ ಮುಂದೆ ನಿಲ್ಲೋಣ.