ಯಾವುದರ ಹೆಗ್ಗಡೆ?

ಶಿರಸಿಯ ಕಡೆ ಹೆಗಡೆ ಎಂದರೆ ಹವ್ಯಕ ಬ್ರಾಹ್ಮಣರು. ಘಟ್ಟವಿಳಿದು ಉಡುಪಿ, ಮಂಗಳೂರಿಗೆ ಬಂದರೆ ಹೆಗ್ಡೆ ಎಂದು ಬರೆದುಕೊಳ್ಳುವವರಲ್ಲಿ ಬಂಟರು ಹೆಚ್ಚು. ಧರ್ಮಸ್ಥಳದ ಹೆಗ್ಗಡೆ ಮನೆತನ ಜೈನರದು. ಕೊಡಗಿನಲ್ಲಿ ಹೆಗ್ಗಡೆ ಎಂಬುದೇ ಒಂದು ಸಮುದಾಯದ ಹೆಸರು. ತೀರ್ಥಹಳ್ಳಿ ಸೀಮೆಯ ಒಕ್ಕಲಿಗರ ದೊಡ್ಡ ಮನೆಗಳಲ್ಲಿ ಯಜಮಾನಿಯನ್ನು ಹೆಗ್ಗಡಿತಿ ಎನ್ನುತ್ತಿದ್ದರು. ಕಾಗುಣಿತ ಕೂಡ ಒಂದಲ್ಲ. ಒಂದು ಗ ಇರುವ ಹೆಗಡೆ, ಡಕಾರಕ್ಕೆ ಒತ್ತಿಕೊಂಡ ಹೆಗ್ಡೆ, ಹಳೆಯ ರೂಪಕ್ಕೆ ಹತ್ತಿರವಿರುವ ಹೆಗ್ಗಡೆ, ಹೀಗೆ ಹೆಸರನ್ನು ಬರೆದ ರೀತಿ ನೋಡಿಯೇ ಊರು ಊಹಿಸುವವರಿದ್ದಾರೆ. ಮದುವೆಯ ಸಂಬಂಧವಾಗಲಿ ಒಂದೇ ಪಂಕ್ತಿಯ ಊಟವಾಗಲಿ ಹಿಂದೆ ಇಲ್ಲದಿದ್ದ ಇಷ್ಟು ಜನಕ್ಕೆ ಒಂದೇ ಹೆಸರು ಹೇಗೆ ಬಂತು ಎಂಬ ಪ್ರಶ್ನೆಗೆ ಅರ್ಧ ಉತ್ತರ ಪ್ರಶ್ನೆಯೊಳಗೇ ಇದೆ. ಇದು ಜಾತಿಯಿಂದ ಹುಟ್ಟಿದ ಹೆಸರಾಗಿದ್ದರೆ ಇಷ್ಟು ಜಾತಿಗಳ ಮೇಲೆ ಹರಡುತ್ತಿರಲಿಲ್ಲ. ಅದು ಹುದ್ದೆಯ ಹೆಸರು. ಇಷ್ಟನ್ನು ಇಂದು ಎಲ್ಲರೂ ಒಪ್ಪುತ್ತಾರೆ. ಆದರೆ ಯಾವ ಹುದ್ದೆ ಎಂದು ಕೇಳಿದರೆ ಮಂತ್ರಿ, ಮೇಲ್ವಿಚಾರಕ, ಊರ ಮುಖ್ಯಸ್ಥ, ಪಾಳೆಯಗಾರ ಎಂದು ಒಬ್ಬೊಬ್ಬರದು ಒಂದೊಂದು ಉತ್ತರ. ಹೆಗ್ಗಡೆ ಎಂಬ ಒಂದು ಹುದ್ದೆ ಎಂದೂ ಇರಲಿಲ್ಲ ಎಂಬುದು ನನ್ನ ವಾದ. ಅದರ ಅರ್ಥ ಯಾವಾಗಲೂ ಅದರ ಹಿಂದೆ ಕೂತ ಪದದಲ್ಲಿತ್ತು. ಆ ಪದ ಉದುರಿಹೋದ ಮೇಲೆ ಉಳಿದದ್ದು ನಮ್ಮ ಇಂದಿನ ಹೆಗಡೆ.

ಮೊದಲು ವ್ಯುತ್ಪತ್ತಿಯ ಹಾದಿ ಎಲ್ಲಿಯವರೆಗೆ ಹೋಗುತ್ತದೆ ನೋಡೋಣ. ಹಳಗನ್ನಡದ ರೂಪ ಪೆರ್ಗಡೆ. ಪೆರ್ ಎಂದರೆ ಹಿರಿದು, ದೊಡ್ಡದು. ಇಂದಿನ ಹೆದ್ದಾರಿ, ಹೆಬ್ಬಾಗಿಲು, ಹೆಮ್ಮರಗಳಲ್ಲಿ ಇರುವುದು ಅದೇ ಪೆರ್. ಹೆಬ್ಬಾರ ಎಂಬ ಮನೆತನದ ಹೆಸರಿನಲ್ಲಿಯೂ ಅದೇ ಇದೆ: ಪೆರ್ ಸೇರಿದ ಪಾರ್ವ, ಅಂದರೆ ಹಿರಿಯ ಬ್ರಾಹ್ಮಣ. ರಕಾರ ಮುಂದಿನ ವ್ಯಂಜನದಲ್ಲಿ ಕರಗಿ ಅದನ್ನು ಇಮ್ಮಡಿಸಿತು, ಪಕಾರ ಹಕಾರವಾಯಿತು, ಪೆರ್ಗಡೆ ಹೆಗ್ಗಡೆಯಾಯಿತು. ಪುಲಿ ಹುಲಿಯಾದ, ಪಾಲು ಹಾಲಾದ ದಾರಿಯೇ ಇದು. ಇಲ್ಲಿಯವರೆಗೆ ತಕರಾರಿಲ್ಲ. ಉತ್ತರಾರ್ಧವನ್ನು ಕಡೆ ಎಂದು ಬಿಡಿಸುವುದು ರೂಢಿ. ಕಕಾರ ಗಕಾರವಾದದ್ದು ಆದೇಶ ಸಂಧಿ. ಆದರೆ ಹಿರಿದಾದ ಕಡೆ, ದೊಡ್ಡ ಪಕ್ಕ ಎಂದರೆ ಏನು? ಅದರಿಂದ ಅಧಿಕಾರಿ ಎಂಬ ಅರ್ಥಕ್ಕೆ ಬರಬೇಕಾದರೆ ಒಂದು ಜಿಗಿತ ಬೇಕು. ಹಿರಿಯ ಸ್ಥಾನದವನು ಎಂದು ಜಿಗಿದರೂ ಸಿಕ್ಕುವುದು ದೊಡ್ಡವನು ಎಂಬ ಬರಿಯ ಗೌರವವೇ ಹೊರತು ಕೆಲಸದ ವಿವರವಲ್ಲ. ಬೇರು ಅಗೆದು ಅಧಿಕಾರದ ಇತಿಹಾಸ ತೆಗೆಯಲು ಹೊರಟವರಿಗೆ ಈ ಪದ ಅಷ್ಟಾಗಿ ಒದಗುವುದಿಲ್ಲ.

ಒದಗುವುದು ಶಾಸನ. ಕಲ್ಯಾಣದ ಚಾಲುಕ್ಯರ ಕಾಲದ, ಅಂದರೆ ಹತ್ತನೆಯ ಶತಮಾನದ ಕೊನೆಯಿಂದ ಹನ್ನೆರಡನೆಯ ಶತಮಾನದವರೆಗಿನ ಕಲ್ಲುಗಳಲ್ಲಿ ಈ ಪದ ಸಮಾಸದ ತುದಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಅರಮನೆಯ ಮನೆವಾರ್ತೆ ನೋಡುವವನು ಮನೆವೆರ್ಗಡೆ. ಬಾಣಸ ಎಂದರೆ ಅಡುಗೆ. ಬಾಣಸಿಗ ಎಂಬ ಮಾತು ಇವತ್ತಿಗೂ ಬದುಕಿದೆ. ಅಡುಗೆಮನೆಯ ಹೊಣೆಗಾರ ಬಾಣಸವೆರ್ಗಡೆ. ಸುಂಕದ ಹೊಣೆ ಹೊತ್ತವನು ಸುಂಕವೆರ್ಗಡೆ, ಮುಂದೆ ಸುಂಕದ ಹೆಗ್ಗಡೆ. ಇಲ್ಲಿ ಪಕಾರ ವಕಾರವಾಗಿರುವುದನ್ನು ಗಮನಿಸಬೇಕು. ಸಂಧಿಯಾಗಿ ಒಂದೇ ಉಸಿರಿನ ಪದವಾಗುವಷ್ಟು ಮಟ್ಟಿಗೆ ಈ ಎರಡು ತುಂಡುಗಳು ಬೆಸೆದುಕೊಂಡಿದ್ದವು. ಹೆಸರಿನ ಮುಂದೆ ಶೋಭೆಗೆ ಇಟ್ಟ ವಿಶೇಷಣ ಹೀಗೆ ಬೆಸೆಯುವುದು ವಿರಳ. ಇಂದು ಕಚೇರಿಗಳಲ್ಲಿ ಅಧಿಕಾರಿ ಎಂಬ ಪದ ಮಾಡುವ ಕೆಲಸವನ್ನೇ ಅಂದು ವೆರ್ಗಡೆ ಮಾಡುತ್ತಿತ್ತು. ಜಿಲ್ಲಾಧಿಕಾರಿ, ಅರಣ್ಯಾಧಿಕಾರಿ, ಚುನಾವಣಾಧಿಕಾರಿ ಎನ್ನುವಾಗ ಅಧಿಕಾರವೇನೆಂದು ತಿಳಿಸುವುದು ಪೂರ್ವಪದ. ಬರೀ ಅಧಿಕಾರಿ ಎಂದರೆ ಎದ್ದು ನಿಲ್ಲಬೇಕು ಎಂಬುದಷ್ಟೇ ಗೊತ್ತಾಗುತ್ತದೆ.

ಈ ಪದಗಳನ್ನು ಮೊದಲು ಓದಿದವರು ವಸಾಹತು ಆಡಳಿತದ ನೌಕರರು ಎಂಬುದು ಅವರ ಅರ್ಥನಿರೂಪಣೆಗಳ ಮೇಲೆ ನೆರಳು ಬೀರಿದೆ. ಜೆ. ಎಫ್. ಫ್ಲೀಟ್ ಕನ್ನಡ ಜಿಲ್ಲೆಗಳ ರಾಜಮನೆತನಗಳ ಇತಿಹಾಸವನ್ನು 1882ರಲ್ಲಿ ಪ್ರಕಟಿಸಿ, 1896ರ ಹೊತ್ತಿಗೆ ಪರಿಷ್ಕರಿಸಿದ. ಬಿ. ಎಲ್. ರೈಸ್ 1886ರಿಂದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳನ್ನು ಹೊರತಂದ. ಇಬ್ಬರೂ ದೊಡ್ಡ ಕೆಲಸಗಾರರು. ಅವರ ಬೆನ್ನೇರದೆ ನಮಗೆ ಹನ್ನೆರಡನೆಯ ಶತಮಾನ ಕಾಣಿಸುವುದಿಲ್ಲ. ಆದರೆ ಶಾಸನದ ಒಂದೊಂದು ಬಿರುದಿಗೂ ತಮ್ಮ ಕಾಲದ ಸರಕಾರದ ಒಂದು ಕುರ್ಚಿಯನ್ನು ಹುಡುಕಿ ಹೊಂದಿಸುವುದು ಆ ತಲೆಮಾರಿನ ಅಭ್ಯಾಸ. ಸಂಧಿವಿಗ್ರಹಿ ಯುದ್ಧ ಮತ್ತು ಶಾಂತಿಯ ಮಂತ್ರಿಯಾದ, ವೆರ್ಗಡೆ ಸೂಪರಿಂಟೆಂಡೆಂಟನಾದ. ಇನ್ನೊಂದು ತುದಿಯಿಂದ, ಅಂದರೆ ಜನರ ಬಾಯಿಯಿಂದ ಬಂದವರು ಕಿಟೆಲ್. ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಆ ಹೊತ್ತಿಗೆ ಕರಾವಳಿಯಲ್ಲಿ ಹೆಗ್ಗಡೆ ಎಂಬುದು ಬೀಡಿನ, ಮನೆತನದ ಮಾತು. ಹೀಗೆ ಒಂದೇ ಪದಕ್ಕೆ ಕಲ್ಲಿನ ಅರ್ಥ, ಬಾಯಿಯ ಅರ್ಥ ಎಂಬ ಎರಡು ದಾಖಲೆಗಳು ಆರಂಭದಿಂದಲೇ ಬೇರೆ ಬೇರೆ ಕಪಾಟು ಸೇರಿದವು.

ಮುಂದಿನ ತಲೆಮಾರಿನ ಇತಿಹಾಸಕಾರರಿಗೆ ಬೇಕಾಗಿದ್ದದ್ದು ಆಡಳಿತದ ನಕ್ಷೆ. ಆಳ್ತೇಕರರ ರಾಷ್ಟ್ರಕೂಟ ಗ್ರಂಥ (1934), ದಿನಕರ ದೇಸಾಯಿಯವರ ಮಹಾಮಂಡಳೇಶ್ವರರ ಅಧ್ಯಯನ (1951), ಜಿ. ಎಸ್. ದೀಕ್ಷಿತರ ಸ್ಥಳೀಯ ಸ್ವಯಮಾಡಳಿತದ ಪುಸ್ತಕ (1964) ಇವು ಬೇರೆ ಬೇರೆ ವಸ್ತುವಿನವಾದರೂ ನಮ್ಮಲ್ಲೂ ಕ್ರಮಬದ್ಧ ಆಡಳಿತವಿತ್ತು ಎಂದು ತೋರಿಸುವ ಹಂಬಲ ಆ ಕಾಲದ್ದು. 1966ರ ಚಿದಾನಂದಮೂರ್ತಿಯವರ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ ಪದಗಳನ್ನು ಕುರ್ಚಿಗೆ ಹೊಂದಿಸುವುದಕ್ಕಿಂತ ಸಮಾಜದೊಳಗಿಟ್ಟು ನೋಡುವ ಕಡೆಗೆ ಒಲಿಯಿತು. ಆಮೇಲೆ ಬಂದದ್ದು ದೊಡ್ಡ ಅನುಮಾನ. 1980ರಲ್ಲಿ ಬರ್ಟನ್ ಸ್ಟೈನ್, ಮುಖ್ಯವಾಗಿ ಚೋಳ ನಾಡನ್ನು ಇಟ್ಟುಕೊಂಡು, ದಕ್ಷಿಣದ ಮಧ್ಯಕಾಲೀನ ರಾಜ್ಯಗಳಲ್ಲಿ ಅಧಿಕಾರಿವರ್ಗ ಎಂಬುದೇ ನಿಜವಾಗಿ ಇರಲಿಲ್ಲ, ಬಿರುದುಗಳು ಸ್ಥಳೀಯ ಪ್ರಬಲರಿಗೆ ರಾಜ ಹಂಚಿದ ಮರ್ಯಾದೆಗಳು ಎಂಬ ದಿಕ್ಕಿನಲ್ಲಿ ವಾದ ಹೂಡಿದರು. ಅದಕ್ಕೆ ಎರಡು ವರ್ಷ ಮೊದಲೇ ಕರಶಿಮ, ಸುಬ್ಬರಾಯಲು, ಮತ್ಸುಯಿ ಚೋಳ ಶಾಸನಗಳ ವ್ಯಕ್ತಿನಾಮಗಳನ್ನೆಲ್ಲ ಪಟ್ಟಿ ಮಾಡಿ, ಯಾವ ಬಿರುದು ಎಲ್ಲಿ, ಯಾವಾಗ, ಯಾರೊಡನೆ ಬರುತ್ತದೆ ಎಂದು ಎಣಿಸಲು ದಾರಿ ಮಾಡಿದ್ದರು. ಬಿರುದಿನ ಅರ್ಥವನ್ನು ನಿಘಂಟಿನಲ್ಲಿ ಹುಡುಕದೆ ಅದರ ನೆರೆಹೊರೆಯಲ್ಲಿ ಹುಡುಕುವ ಈ ಪದ್ಧತಿ ವಾದಗಳಿಗಿಂತ ಹೆಚ್ಚು ಬಾಳಿಕೆಯದು. ಕನ್ನಡದ ವೆರ್ಗಡೆಗಳಿಗೆ ಬೇಕಿರುವುದೂ ಅದೇ.

ಸ್ಟೈನ್ ಮಾದರಿಯ ಆಕ್ಷೇಪಕ್ಕೆ ಕನ್ನಡದಲ್ಲಿ ಒಂದು ಗಟ್ಟಿ ಉದಾಹರಣೆ ಸಿಗುತ್ತದೆ. ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದ ಅನಂತಪಾಲ ಮಹಾಪ್ರಧಾನ, ದಂಡನಾಯಕ. ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು, ಬನವಾಸಿ ಹನ್ನೆರಡು ಸಾಸಿರದಂಥ ಸೀಮೆಗಳ ಆಡಳಿತ ಅವನ ಕೈಯಲ್ಲಿ. ಅದೇ ಅನಂತಪಾಲನಿಗೆ ಬಾಣಸವೆರ್ಗಡೆ ಎಂಬ ಹೆಸರೂ ಇದೆ. ಬನವಾಸಿ ಆಳುವ ದಂಡನಾಯಕ ಅರಮನೆಯ ಒಲೆಯ ಮುಂದೆ ನಿಂತು ಸಾರಿಗೆ ಉಪ್ಪು ಸಾಕೇ ಎಂದು ನೋಡುತ್ತಿದ್ದನೇ? ಇಲ್ಲವೆಂದಾದರೆ ಬಿರುದು ಬರಿಯ ಅಲಂಕಾರವೆಂದು ಒಪ್ಪಬೇಕಲ್ಲವೇ? ಈ ತರ್ಕ ಸರಿಯಾಗಿ ಕಾಣುವುದು ನಾವು ಅರಮನೆಯ ಅಡುಗೆಮನೆಯನ್ನು ಅಡುಗೆಮನೆ ಎಂದು ಮಾತ್ರ ಭಾವಿಸಿದಾಗ. ವಿಷಕ್ಕೆ ಹೆದರಬೇಕಾದ ದೊರೆಗೆ ಊಟದ ಹೊಣೆ ಹೊತ್ತವನಿಗಿಂತ ಹತ್ತಿರದವನು ಬೇರೆ ಯಾರು? ಅಡುಗೆಮನೆಗೆ ಬರುವ ಅಕ್ಕಿ, ತುಪ್ಪ, ಬೆಲ್ಲ ಎಲ್ಲವೂ ಒಂದೊಂದು ಸೀಮೆಯಿಂದ ಬರಬೇಕು. ಅದರ ಲೆಕ್ಕ ಹಿಡಿದವನ ಕೈ ಕಂದಾಯಕ್ಕೂ ಚಾಚುತ್ತದೆ. ಆ ಕಾಲದಲ್ಲಿ ರಾಜನ ಮನೆ ಬೇರೆ, ರಾಜ್ಯ ಬೇರೆ ಆಗಿರಲಿಲ್ಲ. ಯುರೋಪಿನಲ್ಲಿಯೂ ಹಾಗೇ: ಸ್ಕಾಟ್ಲೆಂಡಿನಲ್ಲಿ ಅರಮನೆಯ ಮನೆವಾರ್ತೆಯ ಹುದ್ದೆಯನ್ನು ವಂಶಪಾರಂಪರ್ಯವಾಗಿ ಹೊಂದಿದ್ದ ಸ್ಟುವರ್ಟ್ ಮನೆತನಕ್ಕೆ ಆ ಹುದ್ದೆಯೇ ಹೆಸರಾಯಿತು, ಕೊನೆಗೆ ಅದೇ ಮನೆತನ ಸಿಂಹಾಸನವೇರಿತು. ಅನಂತಪಾಲನ ಬಿರುದಿನಲ್ಲಿ ಮರ್ಯಾದೆ ಇದ್ದದ್ದು ನಿಜ, ಕೆಲಸವನ್ನು ಕೆಳಗಿನವರು ಮಾಡುತ್ತಿದ್ದರೆಂಬುದೂ ನಂಬಬಹುದು. ಆದರೆ ಆ ಮರ್ಯಾದೆಗೆ ಬೆಲೆ ಬಂದದ್ದು ಅದರ ಹಿಂದೆ ನಿಜವಾದ ಒಂದು ಹೊಣೆ ಇದ್ದದ್ದರಿಂದ. ಬರೀ ಶೋಭೆಗಾದರೆ ಶಾಸನಕವಿಗಳಿಗೆ ಸಿಂಹ, ಗಂಡಭೇರುಂಡ, ಮೇರುಪರ್ವತಗಳ ಕೊರತೆ ಇರಲಿಲ್ಲ. ಯಾರೂ ಅಡುಗೆಮನೆಯನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ.

ಇನ್ನೊಂದು ಆಕ್ಷೇಪ: ಪೂರ್ವಪದವಿಲ್ಲದೆ ಬರಿಯ ಹೆಗ್ಗಡೆ ಎಂದಷ್ಟೇ ಇರುವ ಶಾಸನಗಳೂ ಇವೆಯಲ್ಲ? ಇವೆ. ಸಣ್ಣ ಊರಿನ ಸಣ್ಣ ದಾನದ ಕಲ್ಲಿನಲ್ಲಿ ಹೆಸರಿನ ಹಿಂದೆ ಹೆಗ್ಗಡೆ ಎಂದರೆ ಸಾಕು. ಯಾವುದರ ಹೆಗ್ಗಡೆ ಎಂಬುದು ಅಲ್ಲಿ ನೆರೆದವರಿಗೆಲ್ಲ ಗೊತ್ತು. ಇಂದು ಹಳ್ಳಿಯಲ್ಲಿ ಸಾಹೇಬರು ಬಂದರು ಎಂದಾಗ ಯಾವ ಇಲಾಖೆ ಎಂದು ಯಾರೂ ಕೇಳುವುದಿಲ್ಲ. ಗಾವುಂಡನ ಜೊತೆಗಿಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟ. ಗಾಮುಂಡ, ಗಾವುಂಡ, ಗೌಡ ಎಂದು ಸವೆದುಬಂದ ಆ ಪದ ಊರಿಗೆ, ನಾಡಿಗೆ, ನೆಲಕ್ಕೆ ಅಂಟಿಕೊಂಡದ್ದು. ಊರಗೌಡ, ನಾಳ್ಗಾವುಂಡ ಎನ್ನುವಾಗ ಹಿಂದೆ ಬರುವುದು ಒಂದು ಜಾಗ. ಶಿಕಾರಿಪುರ ತಾಲೂಕಿನ ಶಾಸನವೊಂದರ ಪ್ರಕಾರ ಹತ್ತನೆಯ ಶತಮಾನದ ಆರಂಭದಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಆ ಅಧಿಕಾರ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ರಾಷ್ಟ್ರಕೂಟ ಅರಸನ ಒಪ್ಪಿಗೆ ಅದಕ್ಕಿದ್ದರೂ ಆ ಹುದ್ದೆ ಮನೆಯೊಳಗೇ ಉಳಿಯಿತು ಎಂಬುದು ಮುಖ್ಯ. ಗಾವುಂಡಿಕೆ ಕೆಳಗಿನಿಂದ, ನೆಲ ಮತ್ತು ನೆಂಟಸ್ತಿಕೆಯಿಂದ ಬೆಳೆದದ್ದು. ಚಾಲುಕ್ಯರ ವೆರ್ಗಡೆತನ ಮೇಲಿನಿಂದ, ಅರಸನ ಮನೆಯ ಒಂದು ಹೊಣೆಯಾಗಿ ಇಳಿದದ್ದು.

ಹಾಗಾದರೆ ಆ ಹೊಣೆ ಎಲ್ಲಿ ಉದುರಿತು? ಅರಮನೆಗಳು ಬಿದ್ದಾಗ ಎಂಬುದು ಸರಳ ಉತ್ತರ, ಬಹುಮಟ್ಟಿಗೆ ಸರಿಯಾದ ಉತ್ತರವೂ ಹೌದು. ಕಲ್ಯಾಣ ಹೋಯಿತು, ದೋರಸಮುದ್ರ ಹೋಯಿತು. ಬಾಣಸವಿಲ್ಲದ ಮೇಲೆ ಬಾಣಸವೆರ್ಗಡೆ ಎಲ್ಲಿಂದ? ಬಯಲುಸೀಮೆಯಲ್ಲಿ ಆ ಖಾಲಿ ಜಾಗಕ್ಕೆ ಹೊಸ ಆಡಳಿತಗಳ ಹೊಸ ಪದಗಳು ಬಂದು ಕೂತವು: ನಾಯಕ, ಪಾರುಪತ್ಯಗಾರ, ಆಮೇಲೆ ದೇಸಾಯಿ, ಕುಲಕರ್ಣಿ, ಪಟೇಲ, ಅಮಲ್ದಾರ. ಮಲೆನಾಡು ಮತ್ತು ಕರಾವಳಿಯಲ್ಲಿ ಊರೆಂದರೆ ಒತ್ತಾಗಿ ಕಟ್ಟಿಕೊಂಡ ಕೇರಿಗಳಲ್ಲ. ಗದ್ದೆ, ತೋಟ, ಕಾಡುಗಳ ನಡುವೆ ದೂರ ದೂರ ಇರುವ ಮನೆಗಳು. ಅಲ್ಲಿ ಅಧಿಕಾರ ನೆಲೆಸುವುದು ಚಾವಡಿಯಲ್ಲಲ್ಲ, ಬೀಡಿನಲ್ಲಿ, ಗುತ್ತಿನಲ್ಲಿ. ಪೂರ್ವಪದ ಕಳೆದುಕೊಂಡ ಹೆಗ್ಗಡೆಗೆ ಅಂಥ ದೊಡ್ಡ ಮನೆ ಆಸರೆಯಾಯಿತೆಂದು ನನ್ನ ಊಹೆ. ಹದಿನಾರನೆಯ ಶತಮಾನದ ಕಾಪು ತಾಮ್ರಪಟದಲ್ಲಿ ಧರ್ಮನಾಥ ಬಸದಿಗೆ ಭೂಮಿ ಬಿಟ್ಟ ಮದ್ದಹೆಗ್ಗಡೆ ಯಾವ ಇಲಾಖೆಯವನೂ ಅಲ್ಲ, ಅವನು ಕಾಪುವಿನ ಒಡೆಯ. ಪೂರ್ವಪದದ ಜಾಗಕ್ಕೆ ವ್ಯಕ್ತಿಯ ಹೆಸರು ಬಂದು ಕೂತಿದೆ. ತೆಲುಗಿನಲ್ಲಿ ಅದೇ ಪದ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಪ್ರೆಗ್ಗಡ ಎಂದರೆ ಮಂತ್ರಿ. ಆಂಧ್ರ ಮಹಾಭಾರತವನ್ನು ಹದಿನಾಲ್ಕನೆಯ ಶತಮಾನದಲ್ಲಿ ಪೂರ್ತಿಗೊಳಿಸಿದ ಎರ್ರನನ್ನು ಎರ್ರಾಪ್ರಗಡ ಎನ್ನುವುದು ಅದರಿಂದಲೇ. ಮುಂದೆ ಅಲ್ಲಿಯೂ ಅದು ಮನೆತನದ ಹೆಸರಿನ ಬಾಲವಾಗಿ ಉಳಿಯಿತು, ಆದರೆ ಬರಹಗಾರರ, ಲೆಕ್ಕಿಗರ ಮನೆಗಳಲ್ಲಿ.

ಬೇರೆ ಪದಗಳ ಗತಿಯೂ ಇದೇ. ಶ್ರವಣಬೆಳಗೊಳದಲ್ಲಿ 1159ರಲ್ಲಿ ಬಸದಿ ಕಟ್ಟಿಸಿದ ಹುಳ್ಳ ಹೊಯ್ಸಳ ನರಸಿಂಹನ ಹಿರಿಯ ಭಂಡಾರಿ. ಬಸದಿಗೆ ಭಂಡಾರ ಬಸದಿ ಎಂಬ ಹೆಸರು ಬಂದದ್ದು ಅವನ ಹುದ್ದೆಯಿಂದ. ಇಂದು ಭಂಡಾರಿ ಎನ್ನುವವರ ಮನೆಯಲ್ಲಿ ರಾಜನ ಬೀಗದ ಕೈ ಯಾರೂ ಹುಡುಕುವುದಿಲ್ಲ. ಸೇನಬೋವ ಶಾನುಭೋಗನಾಗಿ, ಯಾರೋ ಪಂಡಿತರ ಕೈಗೆ ಸಿಕ್ಕಿ ಶ್ಯಾನುಭಾಗನೂ ಆಗಿ, 1961ರ ಕಾಯ್ದೆ ಗ್ರಾಮಾಧಿಕಾರಗಳ ವಂಶಪಾರಂಪರ್ಯವನ್ನು ರದ್ದು ಮಾಡಿದ ಮೇಲೆ ಹೆಸರಿನಲ್ಲಿ ಮಾತ್ರ ಉಳಿದ. ಅವನ ಕೆಲಸ ಗ್ರಾಮಲೆಕ್ಕಿಗನ ಪಾಲಾಯಿತು. ವ್ಯತ್ಯಾಸವಿಷ್ಟೇ: ಭಂಡಾರಿ, ಶಾನುಭೋಗರಲ್ಲಿ ಕೆಲಸದ ನೆನಪು ಪದದೊಳಗೇ ಇದೆ. ಹೆಗ್ಗಡೆಯಲ್ಲಿ ಅದು ಹೊರಗಿತ್ತು, ಆದ್ದರಿಂದ ಗುರುತಿಲ್ಲದೆ ಹೋಯಿತು. ಯಾರ ಮೇಲೆ ಬೇಕಾದರೂ ಕೂರಲು ಅದಕ್ಕೆ ಸಾಧ್ಯವಾದದ್ದೂ ಅದರಿಂದಲೇ.

ಕೊನೆಯದಾಗಿ ಒಂದು ಆಕ್ಷೇಪ ಸಾಹಿತ್ಯದ ಕಡೆಯಿಂದ. ಗೌಡ ನೆಲದವನು, ಹೆಗ್ಗಡೆ ಅರಮನೆಯವನು ಎಂದು ಇಷ್ಟು ಬೇರ್ಪಡಿಸುವುದು ಸರಿಯಾದರೆ ಇಬ್ಬರೂ ಒಂದೇ ಮನೆಯಲ್ಲಿ ಸಿಗುವುದು ಹೇಗೆ? ಕುವೆಂಪು 1936ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಕಾನೂರಿನ ಯಜಮಾನ ಚಂದ್ರಯ್ಯಗೌಡ. ಅವನ ಹೆಂಡತಿ ಸುಬ್ಬಮ್ಮ ಗೌಡಿತಿ ಅಲ್ಲ, ಹೆಗ್ಗಡಿತಿ. ಮಲೆನಾಡಿನ ಓದುಗರು ಅದನ್ನು ಗಮನಿಸದಷ್ಟು ಅದು ಸಹಜ. ಎರಡು ಪದಗಳು ಮೊದಲಿನಿಂದಲೂ ಸಮಾನಾರ್ಥಕ ಎಂದು ಇದರಿಂದ ವಾದಿಸಬಹುದು. ನನಗೆ ಕಾಣುವುದು ಎಂಟುನೂರು ವರ್ಷಗಳ ಸವೆತ: ನೆಲದ ಹೊಣೆಯೂ ಮನೆಯ ಹೊಣೆಯೂ ಒಂದೇ ಉಪ್ಪರಿಗೆಯ ಕೆಳಗೆ ಬಂದು, ಹೊರಗಿನದು ಗಂಡಿನ ಹೆಸರಿಗೂ ಒಳಗಿನದು ಹೆಣ್ಣಿನ ಹೆಸರಿಗೂ ಸೇರಿಕೊಂಡಿದೆ. ಕಣಜದ ಬೀಗದ ಕೈ, ಆಳುಗಳಿಗೆ ಅಕ್ಕಿ ಅಳೆಯುವ ಸೇರು, ಅಡುಗೆಮನೆ ಎಲ್ಲವೂ ಹೆಗ್ಗಡಿತಿಯ ಪಾಲಿನವು. ಅನಂತಪಾಲನ ಬಾಣಸ ಕಾನೂರಿನಲ್ಲಿ ಮತ್ತೆ ಒಲೆಯ ಹತ್ತಿರಕ್ಕೇ ಬಂದಿತ್ತು.