ಸಡಿಲಗೊಳ್ಳಲಿಕ್ಕೂ ಶಕ್ತಿ ಬೇಕು

ಬೀದರ್ ಜಿಲ್ಲೆಯ ಔರಾದ್ ತಾಲೂಕಿನ ಚಿಂತಾಕಿಯಂತಹ ಊರಿನಲ್ಲಿ ದೇಹಬಲದ ಬಗ್ಗೆ ಯಾರಿಗೂ ಪಾಠ ಹೇಳಬೇಕಾಗಿಲ್ಲ. ನೇಗಿಲು ಎಳೆಯುವ ದೇವಣಿ ಎತ್ತಿನ ಹೆಗಲು, ತೊಗರಿ ಕೊಯ್ಯುವ ಹೆಣ್ಣುಮಕ್ಕಳ ತೋಳು, ಮೂಟೆ ಹೊರುವ ಹಮಾಲರ ಬೆನ್ನು ಎಲ್ಲರ ಕಣ್ಣೆದುರೇ ಇವೆ. ದುಡಿದರೆ ಶಕ್ತಿ ಖರ್ಚಾಗುತ್ತದೆ, ಸುಮ್ಮನಿದ್ದರೆ ಉಳಿಯುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆ. ಸ್ನಾಯು ಬಿಗಿಯಾಗಲು ಬಲ ಬೇಕು, ಸಡಿಲವಾಗಲು ಏನೂ ಬೇಡ ಎಂದೇ ನಾವು ಭಾವಿಸುತ್ತೇವೆ.

ಆದರೆ ಈ ನಂಬಿಕೆಗೆ ಎದುರಾಗಿ ನಿಲ್ಲುವ ಒಂದು ಸತ್ಯ ಪ್ರತಿಯೊಂದು ಊರಿಗೂ ಗೊತ್ತಿದೆ. ಪ್ರಾಣ ಹೋದ ಕೂಡಲೇ ಹಿರಿಯರು ಮಯ್ಯಿತ್‌ನ ಕಣ್ಣು ಮುಚ್ಚುತ್ತಾರೆ, ಗದ್ದಕ್ಕೆ ಬಟ್ಟೆ ಕಟ್ಟುತ್ತಾರೆ, ಕೈಕಾಲುಗಳ ಕೀಲುಗಳನ್ನು ಮೆಲ್ಲನೆ ಮಡಚಿ ಬಿಡಿಸುತ್ತಾರೆ. ತಡಮಾಡಿದರೆ ದೇಹ ಸೆಟೆದುಕೊಳ್ಳುತ್ತದೆ, ಗುಸ್ಲ್ ಮಾಡಿಸುವುದು ಕಷ್ಟವಾಗುತ್ತದೆ ಎಂದು ಅವರಿಗೆ ಅನುಭವದಿಂದ ಗೊತ್ತು. ಕಸಾಯಿ ಅಂಗಡಿಯವರಿಗೂ ಇದು ಹೊಸದಲ್ಲ. ಬಿಗಿಯಾಗಲು ಶಕ್ತಿ ಬೇಕು ಎನ್ನುವುದಾದರೆ, ಶಕ್ತಿಯೆಲ್ಲ ಆರಿಹೋದ ದೇಹ ಬಟ್ಟೆಯಂತೆ ಮೆತ್ತಗಿರಬೇಕಲ್ಲವೇ? ಅದು ಕೊರಡಿನಂತೆ ಗಟ್ಟಿಯಾಗುವುದೇಕೆ? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದ್ದು 20ನೇ ಶತಮಾನದಲ್ಲಿ.

ಕ್ರಿ.ಶ. 2ನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಒಂದು ವಿವರಣೆ ಕೊಟ್ಟಿದ್ದ. ಮೆದುಳಿನಿಂದ ನರಗಳ ಮೂಲಕ ಒಂದು ಸೂಕ್ಷ್ಮ ಚೈತನ್ಯ ಹರಿದು ಸ್ನಾಯುವನ್ನು ಚಲಿಸುವಂತೆ ಮಾಡುತ್ತದೆ ಎಂಬುದು ಅದರ ಸಾರ. ಇಬ್ನ್ ಸೀನಾ (980-1037) ತನ್ನ ‘ಅಲ್ ಖಾನೂನ್’ ಗ್ರಂಥದ ಮೊದಲ ಸಂಪುಟದಲ್ಲೇ ಎಲುಬು, ಸ್ನಾಯು, ನರಗಳ ವರ್ಣನೆಯನ್ನು ಅಚ್ಚುಕಟ್ಟಾಗಿ ಜೋಡಿಸಿದ. ಆದರೆ ಚಲನೆಯ ಕಾರಣದ ವಿಷಯದಲ್ಲಿ ಅವನು ನಡೆದದ್ದು ಗ್ಯಾಲೆನ್‌ನ ದಾರಿಯಲ್ಲೇ. ಬೀದರ್‌ನಲ್ಲಿ ಮಹಮೂದ್ ಗವಾನ್ ತನ್ನ ಮದ್ರಸಾ ಕಟ್ಟಿ ಮುಗಿಸಿದ್ದು 1472ರಲ್ಲಿ. ಮರುವರ್ಷವೇ ಇಟಲಿಯ ಮಿಲಾನ್‌ನಲ್ಲಿ ‘ಖಾನೂನ್’ನ ಲ್ಯಾಟಿನ್ ಅನುವಾದ ಅಚ್ಚಾಯಿತು. ಅಂದಿನ ವೈದ್ಯಲೋಕದ ಮೇಲೆ ಆ ಗ್ರಂಥದ ಪ್ರಭಾವ ಎಷ್ಟಿತ್ತೆಂಬುದಕ್ಕೆ ಇಷ್ಟು ಸಾಕು. ನಮ್ಮ ಪೂರ್ವಜರು ಎಲ್ಲವನ್ನೂ ಕಂಡುಹಿಡಿದಿದ್ದರು ಎಂದು ಬೀಗುವುದೂ ಸರಿಯಲ್ಲ, ಅವರು ಬರೀ ನಕಲು ಮಾಡಿದರು ಎನ್ನುವುದೂ ಅನ್ಯಾಯ. ಪರೀಕ್ಷಿಸುವಷ್ಟು ಸ್ಪಷ್ಟವಾಗಿ ಅವರು ಅದನ್ನು ಬರೆದಿಟ್ಟರು.

ಹೊರಗಿನಿಂದ ಏನೋ ಬಂದು ತುಂಬುವುದರಿಂದ ಸ್ನಾಯು ಉಬ್ಬುತ್ತದೆ ಎಂಬ ವಿಚಾರವನ್ನು ಪರೀಕ್ಷಿಸಿದವನು ಹಾಲೆಂಡಿನ ಯಾನ್ ಸ್ವಾಮ್ಮರ್‌ಡಾಮ್. 1660ರ ದಶಕದಲ್ಲಿ ಅವನು ಕಪ್ಪೆಯ ಸ್ನಾಯುವೊಂದನ್ನು ಗಾಜಿನ ನಳಿಗೆಯಲ್ಲಿಟ್ಟು, ನಳಿಗೆಯ ಸಣ್ಣ ತುದಿಯಲ್ಲಿ ಒಂದು ಹನಿ ನೀರು ನಿಲ್ಲಿಸಿದ. ನರವನ್ನು ಎಳೆದಾಗ ಸ್ನಾಯು ಕುಗ್ಗಿತು. ಒಳಗೆ ಏನಾದರೂ ತುಂಬಿದ್ದರೆ ಹನಿ ಮೇಲೇರಬೇಕಿತ್ತು. ಅದು ಏರಲಿಲ್ಲ. ಸಾವಿರದೈನೂರು ವರ್ಷಗಳ ಸಿದ್ಧಾಂತವನ್ನು ಒಂದು ಹನಿ ನೀರು ಅಲುಗಾಡಿಸಿತು. ಆದರೆ ಈ ಪ್ರಯೋಗ ಅಚ್ಚಾಗಿ ಹೊರಬಂದದ್ದು ಅವನು ತೀರಿಕೊಂಡು ಅರ್ಧ ಶತಮಾನ ಕಳೆದ ಮೇಲೆ. 1791ರಲ್ಲಿ ಇಟಲಿಯ ಗ್ಯಾಲ್ವಾನಿ ಕಪ್ಪೆಯ ಕಾಲಿನ ಪ್ರಯೋಗಗಳನ್ನು ಪ್ರಕಟಿಸಿದಾಗ, ನರದ ಸಂದೇಶಕ್ಕೂ ವಿದ್ಯುತ್ತಿಗೂ ನಂಟಿದೆ ಎಂಬುದು ಬೆಳಕಿಗೆ ಬಂತು.

ಹಾಗಾದರೆ ಕುಗ್ಗುವುದು ಯಾವುದು? 1864ರಲ್ಲಿ ಜರ್ಮನಿಯ ಕ್ಯೂನೆ ಸ್ನಾಯುವಿನಿಂದ ಒಂದು ಪ್ರೋಟೀನ್ ಪದಾರ್ಥವನ್ನು ಬೇರ್ಪಡಿಸಿ ಅದಕ್ಕೆ ಮಯೋಸಿನ್ ಎಂದು ಹೆಸರಿಟ್ಟ. 1942ರಲ್ಲಿ ಹಂಗೇರಿಯ ಸೆಗೆಡ್ ನಗರದಲ್ಲಿ ಸೆಂಟ್-ಗ್ಯೋರ್ಗಿಯ ಪ್ರಯೋಗಾಲಯದಲ್ಲಿ ಸ್ಟ್ರೌಬ್, ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನನ್ನು ಕಂಡುಹಿಡಿದ. ಈ ನಡುವೆ 1929ರಲ್ಲಿ ಜೀವಕೋಶದ ಇಂಧನವಾದ ಎಟಿಪಿ ಪತ್ತೆಯಾಯಿತು. ಜರ್ಮನಿಯಲ್ಲಿ ಲೋಮನ್, ಅಮೆರಿಕದ ಹಾರ್ವರ್ಡ್‌ನಲ್ಲಿ ಫಿಸ್ಕೆ ಮತ್ತು ಸುಬ್ಬರಾವ್ ಒಂದೇ ವರ್ಷ ಇದನ್ನು ಬೇರೆಬೇರೆಯಾಗಿ ಕಂಡರು. ಯಲ್ಲಾಪ್ರಗಡ ಸುಬ್ಬರಾವ್ ಆಂಧ್ರದ ಭೀಮಾವರಂನಲ್ಲಿ ಹುಟ್ಟಿ ಮದರಾಸಿನಲ್ಲಿ ವೈದ್ಯಕೀಯ ಓದಿದವರು.

ಆ ದಿನಗಳಲ್ಲಿ ಬೀದರ್, ಭಾಲ್ಕಿ, ಔರಾದ್ ನಿಜಾಮರ ಆಳ್ವಿಕೆಯಲ್ಲಿದ್ದವು. ಹೈದರಾಬಾದಿನಲ್ಲಿ 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಆಧುನಿಕ ವಿಜ್ಞಾನವನ್ನು ಉರ್ದುವಿನಲ್ಲಿ ಕಲಿಸುತ್ತಿತ್ತು. ಅದಕ್ಕೆಂದೇ ಭಾಷಾಂತರ ಸಂಸ್ಥೆಯೊಂದು ಪಠ್ಯಗಳನ್ನು ಸಿದ್ಧಪಡಿಸುತ್ತಿತ್ತು. ಉರ್ದುವಿನಲ್ಲಿ ಸ್ನಾಯುವಿಗೆ ‘ಅಝ್ಲಾ’ ಎನ್ನುತ್ತಾರೆ. ಇದು ಇಬ್ನ್ ಸೀನಾ ಬಳಸಿದ ಅರಬಿ ಪದವೇ. ಪದ ಹಳೆಯದು, ಅದರೊಳಗಿನ ಅರ್ಥ ಮಾತ್ರ ಹೊಸದಾಗುತ್ತಿತ್ತು. ಕನ್ನಡದಲ್ಲಿ ನಾವು ‘ಹುರಿಗಟ್ಟಿದ ಮೈ’ ಎನ್ನುತ್ತೇವೆ. ಎಳೆಎಳೆಯಾದ ಹಗ್ಗದ ಈ ಕಲ್ಪನೆ, ಗಾಳಿ ತುಂಬಿದ ಚೀಲದ ಕಲ್ಪನೆಗಿಂತ ಸತ್ಯಕ್ಕೆ ಹೆಚ್ಚು ಹತ್ತಿರವಾಗಿದೆ.

ನಿರ್ಣಾಯಕ ವರ್ಷ 1954. ಆ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಬಂದವು. ಒಂದು ಆಂಡ್ರ್ಯೂ ಹಕ್ಸ್‌ಲಿ ಮತ್ತು ನೀಡರ್‌ಗೆರ್ಕೆ ಅವರದು, ಇನ್ನೊಂದು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಅವರದು. ಹೆಸರು ಒಂದಾದರೂ ಇಬ್ಬರು ಹಕ್ಸ್‌ಲಿಗಳೂ ಸಂಬಂಧಿಕರಲ್ಲ. ಇಬ್ಬರೂ ಕಂಡದ್ದು ಒಂದೇ: ಸ್ನಾಯು ಕುಗ್ಗುವಾಗ ಅದರೊಳಗಿನ ಎಳೆಗಳು ಕುಗ್ಗುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ.

ಸ್ನಾಯುವಿನ ಒಂದೊಂದು ನಾರೂ ಒಂದು ಉದ್ದನೆಯ ಜೀವಕೋಶ. ಅದರೊಳಗೆ ಒಂದರ ಪಕ್ಕ ಒಂದು ಪೋಣಿಸಿದ ಘಟಕಗಳಿವೆ. ಒಂದೊಂದರ ಉದ್ದ ಮಿಲಿಮೀಟರ್‌ನ ಸಾವಿರದಲ್ಲಿ ಎರಡು-ಎರಡೂವರೆ ಭಾಗ. ಪ್ರತಿ ಘಟಕದಲ್ಲೂ ಮಯೋಸಿನ್‌ನ ದಪ್ಪ ಎಳೆಗಳ ನಡುವೆ ಆಕ್ಟಿನ್‌ನ ತೆಳು ಎಳೆಗಳು ಹೆಣೆದುಕೊಂಡಿವೆ. ನರದ ಸಂದೇಶ ಬಂದಾಗ ಕೋಶದೊಳಗಿನ ಚೀಲಗಳಿಂದ ಕ್ಯಾಲ್ಸಿಯಂ ಹೊರಬೀಳುತ್ತದೆ. ಅದು ಟ್ರೊಪೊನಿನ್ ಎಂಬ ಪ್ರೋಟೀನನ್ನು ಸೇರಿದೊಡನೆ ಆಕ್ಟಿನ್ ಎಳೆಯ ಮೇಲಿನ ಮುಸುಕು ಸರಿಯುತ್ತದೆ. ಟ್ರೊಪೊನಿನ್‌ನ ಈ ಪಾತ್ರವನ್ನು 1960ರ ದಶಕದಲ್ಲಿ ತೋರಿಸಿಕೊಟ್ಟವರು ಜಪಾನಿನ ಎಬಾಶಿ. ಮುಸುಕು ಸರಿದ ಮೇಲೆ ಮಯೋಸಿನ್‌ನ ಪುಟ್ಟ ತಲೆಗಳು ಆಕ್ಟಿನ್ ಎಳೆಯನ್ನು ಹಿಡಿದು ಎಳೆಯುತ್ತವೆ.

ಬಾವಿಯಿಂದ ಕೊಡ ಸೇದುವುದನ್ನು ನೆನಪಿಸಿಕೊಳ್ಳಿ. ಹಗ್ಗವನ್ನು ಒಂದು ಕೈ ಹಿಡಿದು ಎಳೆಯುತ್ತದೆ, ಬಿಡುತ್ತದೆ, ಮುಂದಕ್ಕೆ ಹೋಗಿ ಮತ್ತೆ ಹಿಡಿಯುತ್ತದೆ. ಬಿಡದಿದ್ದರೆ ಹಗ್ಗ ಮೇಲೆ ಬರುವುದಿಲ್ಲ. ಮಯೋಸಿನ್ ಹಿಡಿತ ಬಿಡಬೇಕಾದರೆ ಎಟಿಪಿಯ ಒಂದು ಕಣ ಬಂದು ಅದನ್ನು ಸೇರಲೇಬೇಕು. ಕೆಲಸ ಮುಗಿದ ಮೇಲೆ ಕ್ಯಾಲ್ಸಿಯಂ ಅನ್ನು ಮತ್ತೆ ಚೀಲದೊಳಗೆ ತುಂಬಿಸುವ ಪಂಪುಗಳು ನಡೆಯುವುದೂ ಎಟಿಪಿಯಿಂದಲೇ. ಅಂದರೆ ಹಿಡಿಯಲು ಮಾತ್ರವಲ್ಲ, ಬಿಡಲೂ ಇಂಧನ ಬೇಕು.

ಮರಣದ ನಂತರ ಆಗುವುದು ಇದೇ. ಉಸಿರು ನಿಂತ ಮೇಲೆ ಹೊಸ ಎಟಿಪಿ ತಯಾರಿ ಕ್ರಮೇಣ ನಿಲ್ಲುತ್ತದೆ. ಪಂಪುಗಳು ಸ್ತಬ್ಧವಾಗಿ ಕ್ಯಾಲ್ಸಿಯಂ ಸೋರುತ್ತದೆ. ಎಳೆಗಳನ್ನು ಹಿಡಿದ ಲೆಕ್ಕವಿಲ್ಲದಷ್ಟು ‘ಕೈ’ಗಳು ಬಿಡಲಾರದೆ ಹಾಗೇ ಉಳಿಯುತ್ತವೆ. ಕೆಲವೇ ಗಂಟೆಗಳಲ್ಲಿ ದೇಹ ಸೆಟೆಯುತ್ತದೆ. ಬೀದರ್‌ನ ಬೇಸಿಗೆಯಂತಹ ಸೆಕೆಯಲ್ಲಿ ಇದು ಇನ್ನೂ ಬೇಗ. ಒಂದೆರಡು ದಿನಗಳಲ್ಲಿ ಅದು ಮತ್ತೆ ಮೆತ್ತಗಾಗುವುದು ಹಿಡಿತ ಬಿಟ್ಟದ್ದರಿಂದಲ್ಲ, ಎಳೆಗಳೇ ಶಿಥಿಲವಾಗುವುದರಿಂದ.

ಇಂದು ಬೀದರ್‌ನಲ್ಲೇ 2004ರಲ್ಲಿ ಸ್ಥಾಪನೆಯಾದ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಹೊಲದ ಎತ್ತಿನ ಹೆಗಲಿನಿಂದ ಆ ತರಗತಿಯ ಪಾಠಕ್ಕೆ ಇರುವ ದೂರ ನಾವು ತಿಳಿದಷ್ಟು ದೊಡ್ಡದಲ್ಲ. ಮಯ್ಯಿತ್‌ನ ಕೀಲು ಮಡಚಿದ ಹಿರಿಯರು ಗ್ರಂಥ ಓದಿದವರಲ್ಲದಿರಬಹುದು. ಆದರೆ ಗ್ರಂಥಗಳು ವಿವರಿಸಲಾಗದ ಸಂಗತಿಯನ್ನು ಅವರ ಕೈಗಳು ಬಲ್ಲವಾಗಿದ್ದವು. ಅನುಭವ ಪ್ರಶ್ನೆಯನ್ನು ಕಾಪಾಡಿತು, ಪ್ರಯೋಗ ಉತ್ತರ ಕೊಟ್ಟಿತು. ಜೀವಂತ ದೇಹದ ಲಕ್ಷಣ ಬಿಗಿಯಷ್ಟೇ ಅಲ್ಲ, ಬಿಗಿದದ್ದನ್ನು ಬಿಡಬಲ್ಲ ಸಾಮರ್ಥ್ಯವೂ ಹೌದು. ದುಡಿಯುವವರ ವಿಶ್ರಾಂತಿಯನ್ನು ಸೋಮಾರಿತನವೆಂದು ಹೀಗಳೆಯುವವರು ಇಷ್ಟನ್ನಾದರೂ ತಿಳಿದಿರಬೇಕು.