ಗಣಕಯಂತ್ರ ಕಾಯುವುದೆಲ್ಲಿ?

ಮದುವೆಮನೆಯ ಅಡುಗೆಶಾಲೆಯನ್ನು ನೀವೆಲ್ಲ ನೋಡಿದ್ದೀರಿ. ಭಟ್ಟರು ಎಷ್ಟೇ ಚುರುಕಿನವರಾಗಿರಲಿ, ಪಕ್ಕದಲ್ಲಿ ಸಾಮಾನು ಇಟ್ಟುಕೊಳ್ಳಲು ಜಾಗವಿಲ್ಲದೆ, ಒಂದೊಂದು ಬೊಗಸೆ ಬೇಳೆಗೂ ಸಹಾಯಕನು ಹಿತ್ತಲಿನ ಉಗ್ರಾಣಕ್ಕೆ ಓಡಬೇಕಾದರೆ ಅಡುಗೆ ತಡವಾಗಿಯೇ ತೀರುತ್ತದೆ. ಒಲೆ ಉರಿಯುತ್ತಿರುತ್ತದೆ, ಭಟ್ಟರು ಸೌಟು ಹಿಡಿದು ನಿಂತಿರುತ್ತಾರೆ. ಪಂಕ್ತಿಯಲ್ಲಿ ಕುಳಿತವರು ಮಾತ್ರ ಭಟ್ಟರನ್ನೇ ದೂರುತ್ತಾರೆ. ಇನ್ನೂ ಚುರುಕಾದ ಬೇರೊಬ್ಬ ಭಟ್ಟರನ್ನು ಕರೆಸಿದರೆ ಪ್ರಯೋಜನವೇನು? ಅವರೂ ಸೌಟು ಹಿಡಿದು ಕಾಯಬೇಕಷ್ಟೆ. ಬೇಕಾದದ್ದು ಅಗಲವಾದ ಒಂದು ಮೇಜು, ಇಲ್ಲವೇ ಹತ್ತಿರದ ಒಂದು ಉಗ್ರಾಣ.

ನಿಮ್ಮ ಮನೆಯ ಅಥವಾ ಶಾಲೆಯ ಹಳೆಯ ಗಣಕಯಂತ್ರದ ಸ್ಥಿತಿಯೂ ಬಹುಮಟ್ಟಿಗೆ ಹೀಗೆಯೇ. ಲೆಕ್ಕ ಮಾಡುವ ಪ್ರೊಸೆಸರ್ ನಮ್ಮ ಭಟ್ಟರು. ಕೈಗೆಟಕುವ ಮೇಜು ಎಂದರೆ ಮೆಮೊರಿ, ಅಂದರೆ ರ‍್ಯಾಮ್. ವಿದ್ಯುತ್ತು ಹೋದರೂ ಮಾಹಿತಿಯನ್ನು ಕಾಪಾಡುವ ಡಿಸ್ಕ್ ಉಗ್ರಾಣ. ಯಂತ್ರ ನಿಧಾನವಾಯಿತೆಂದು ಬೇಸತ್ತು ಅದನ್ನು ಮೂಲೆಗೆ ತಳ್ಳುವ ಮೊದಲು ಒಂದು ಪ್ರಶ್ನೆ ಕೇಳಬೇಕು: ಈ ಯಂತ್ರ ಕಾಯುತ್ತಿರುವುದು ಎಲ್ಲಿ? ಗಣಕದ ಇತಿಹಾಸದಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳು ಮತ್ತೆ ಮತ್ತೆ ಕೇಳಿಕೊಂಡ ಪ್ರಶ್ನೆಯೂ ಇದೇ. ಆ ಇತಿಹಾಸವನ್ನು ಸ್ವಲ್ಪ ನೋಡೋಣ.

ನಿಧಾನವಾಗಿ ವೇಗವಾದ ಯಂತ್ರ

1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಎನಿಯಾಕ್ ಎಂಬ ಗಣಕಯಂತ್ರವನ್ನು ಲೋಕಕ್ಕೆ ಪರಿಚಯಿಸಲಾಯಿತು. ಸುಮಾರು 18,000 ನಿರ್ವಾತ ನಳಿಗೆಗಳಿದ್ದ ಈ ಯಂತ್ರ ಸೆಕೆಂಡಿಗೆ 5,000 ಸಂಕಲನಗಳನ್ನು ಮಾಡಬಲ್ಲದಾಗಿತ್ತು. ಆ ಕಾಲಕ್ಕೆ ಅದೊಂದು ಪವಾಡ. ಆದರೆ ಒಂದು ಲೆಕ್ಕ ಮುಗಿದು ಇನ್ನೊಂದನ್ನು ತೊಡಗಿಸಬೇಕಾದರೆ ತಂತಿಗಳನ್ನು ಕಿತ್ತು ಮತ್ತೆ ಜೋಡಿಸಿ, ಸಾಲುಸಾಲು ಗುಂಡಿಗಳನ್ನು ತಿರುಗಿಸಬೇಕಾಗಿತ್ತು. ಇದಕ್ಕೆ ದಿನಗಳೇ ಹಿಡಿಯುತ್ತಿದ್ದವು. ಲೆಕ್ಕ ಕ್ಷಣದಲ್ಲಿ ಮುಗಿದರೂ ಅದರ ಸಿದ್ಧತೆ ಮುಗಿಯುತ್ತಿರಲಿಲ್ಲ.

1948ರಲ್ಲಿ ಈ ಯಂತ್ರವನ್ನು ಮಾರ್ಪಡಿಸಿ, ಆದೇಶಗಳನ್ನು ಅಂಕಿಗಳ ರೂಪದಲ್ಲಿಯೇ ಕೊಡುವಂತೆ ಮಾಡಲಾಯಿತು. ಇದರಿಂದ ಲೆಕ್ಕದ ವೇಗ ಮೊದಲಿಗಿಂತ ಕಡಿಮೆಯಾಯಿತು! ಆದರೂ ಒಟ್ಟು ಕೆಲಸ ಬೇಗನೆ ಮುಗಿಯತೊಡಗಿತು. ಏಕೆಂದರೆ ಕಾಲ ಪೋಲಾಗುತ್ತಿದ್ದದ್ದು ಲೆಕ್ಕದಲ್ಲಲ್ಲ, ತಂತಿ ಜೋಡಿಸುವುದರಲ್ಲಿ. ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದ ಅಂಶ ಇದೇ. ವೇಗವೆಂದರೆ ಯಂತ್ರದ ಒಂದು ಭಾಗದ ವೇಗವಲ್ಲ. ಕೆಲಸ ಆರಂಭವಾಗಿ ಮುಗಿಯುವವರೆಗಿನ ಕಾಲ. 1953ರಲ್ಲಿ ಎನಿಯಾಕ್‌ಗೆ ನೂರು ಪದಗಳ ಹೊಸ ಮೆಮೊರಿಯನ್ನೂ ಸೇರಿಸಿದರು. ಹಳೆಯ ಯಂತ್ರಕ್ಕೆ ಹೊಸ ಬಿಡಿಭಾಗ ಹಾಕುವ ಪದ್ಧತಿ ಗಣಕದಷ್ಟೇ ಹಳೆಯದೆಂದು ಇದರಿಂದ ತಿಳಿಯುತ್ತದೆ.

ಉಂಗುರಗಳ ಮೆಮೊರಿ

ಅದೇ 1953ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಇನ್ನೊಂದು ಘಟನೆ ನಡೆಯಿತು. ಅಲ್ಲಿ ಜೇ ಫಾರೆಸ್ಟರ್ ನೇತೃತ್ವದಲ್ಲಿ ನಿರ್ಮಿಸಿದ್ದ ವರ್ಲ್‌ವಿಂಡ್ ಎಂಬ ಗಣಕ, ಮಾಹಿತಿಯನ್ನು ವಿಶೇಷ ಬಗೆಯ ಎಲೆಕ್ಟ್ರಾನ್ ನಳಿಗೆಗಳಲ್ಲಿ ವಿದ್ಯುದಾವೇಶದ ಚುಕ್ಕೆಗಳಾಗಿ ಇಟ್ಟುಕೊಳ್ಳುತ್ತಿತ್ತು. ಆ ನಳಿಗೆಗಳು ಪದೇ ಪದೇ ಕೆಡುತ್ತಿದ್ದವು. ಅವುಗಳ ಆರೈಕೆಗೇ ದಿನಕ್ಕೆ ನಾಲ್ಕು ಗಂಟೆ ಬೇಕಾಗುತ್ತಿತ್ತು.

ಫಾರೆಸ್ಟರ್ ತಂಡ ಇದಕ್ಕೆ ಬದಲಾಗಿ ಫೆರೈಟ್ ಎಂಬ ಕಾಂತೀಯ ವಸ್ತುವಿನ ಸಣ್ಣ ಸಣ್ಣ ಉಂಗುರಗಳನ್ನು ತಂತಿಗಳಲ್ಲಿ ಪೋಣಿಸಿ ಒಂದು ಬಲೆಯಂತೆ ಹೆಣೆಯಿತು. ಒಂದು ಉಂಗುರ ಒಂದು ದಿಕ್ಕಿನಲ್ಲಿ ಕಾಂತೀಕೃತವಾದರೆ ಸೊನ್ನೆ, ಎದುರು ದಿಕ್ಕಿನಲ್ಲಾದರೆ ಒಂದು. ಈ ಕೋರ್ ಮೆಮೊರಿಯನ್ನು ಅಳವಡಿಸಿದ ಮೇಲೆ ವರ್ಲ್‌ವಿಂಡ್‌ನ ವೇಗ ಸುಮಾರು ಎರಡು ಪಟ್ಟಾಯಿತು. ಮೆಮೊರಿಯ ಆರೈಕೆ ದಿನಕ್ಕೆ ನಾಲ್ಕು ಗಂಟೆಯಿಂದ ವಾರಕ್ಕೆ ಎರಡು ಗಂಟೆಗೆ ಇಳಿಯಿತು. ಲೆಕ್ಕ ಮಾಡುವ ಭಾಗ ಹಳೆಯದೇ. ಬದಲಾದದ್ದು ಮೆಮೊರಿ ಮಾತ್ರ. ಮುಂದೆ ಸುಮಾರು ಇಪ್ಪತ್ತು ವರ್ಷಗಳ ಕಾಲ ಜಗತ್ತಿನ ಗಣಕಗಳೆಲ್ಲ ಹೆಚ್ಚಾಗಿ ಈ ಉಂಗುರಗಳನ್ನೇ ನಂಬಿದವು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕೆಲಸ ಆರಂಭಿಸಿದ ಟಿಫ್ರಾಕ್ ಗಣಕದಲ್ಲಿಯೂ ಇದ್ದದ್ದು ಇಂತಹುದೇ ಮೆಮೊರಿ.

ಮೇಜು ಕಿರಿದಾದಾಗ

ಮೆಮೊರಿ ವೇಗವಾದರೆ ಸಾಲದು, ಸಾಕಷ್ಟು ಇರಲೂ ಬೇಕು. ಆದರೆ ಅದು ಬಹಳ ದುಬಾರಿಯಾಗಿತ್ತು. 1962ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಉದ್ಘಾಟನೆಯಾದ ಅಟ್ಲಾಸ್ ಗಣಕದಲ್ಲಿ ಟಾಮ್ ಕಿಲ್‌ಬರ್ನ್ ಮತ್ತು ಸಂಗಡಿಗರು ಒಂದು ಜಾಣ ಉಪಾಯ ಹೂಡಿದರು. ಸದ್ಯ ಬೇಡವಾದ ಮಾಹಿತಿಯನ್ನು ತಿರುಗುವ ಡ್ರಮ್ಮಿಗೆ ಕಳುಹಿಸಿ, ಬೇಕಾದಾಗ ಯಂತ್ರವೇ ಮೆಮೊರಿಗೆ ತಂದುಕೊಳ್ಳುವಂತೆ ಮಾಡಿದರು. ಕ್ರಮವಿಧಿ ಬರೆಯುವವನಿಗೆ ಎಲ್ಲವೂ ಒಂದೇ ದೊಡ್ಡ ಮೆಮೊರಿಯಂತೆ ಕಾಣುತ್ತಿತ್ತು. ಇಂದು ವರ್ಚುವಲ್ ಮೆಮೊರಿ ಎಂದು ಕರೆಯುವ ಈ ಉಪಾಯ ನಮ್ಮ ನಿಮ್ಮ ಗಣಕಗಳಲ್ಲೆಲ್ಲ ಇದೆ.

ಆದರೆ ಇದರಲ್ಲೊಂದು ಅಪಾಯವೂ ಇದೆ. ಮೇಜು ತೀರ ಕಿರಿದಾದರೆ ಬೇಳೆ ತರಲು ಅಕ್ಕಿಯನ್ನು ಉಗ್ರಾಣಕ್ಕೆ ಹಿಂತಿರುಗಿಸಬೇಕು, ಮರುಕ್ಷಣ ಅಕ್ಕಿಗಾಗಿ ಬೇಳೆಯನ್ನು ಸಾಗಿಸಬೇಕು. ದಿನವೆಲ್ಲ ಓಡಾಟವೇ ಆಯಿತು, ಅಡುಗೆ ಆಗಲಿಲ್ಲ! ಪೀಟರ್ ಡೆನ್ನಿಂಗ್ ಎಂಬ ಗಣಕ ವಿಜ್ಞಾನಿ 1968ರಲ್ಲಿ ಈ ಸ್ಥಿತಿಯ ಕಾರಣವನ್ನೂ ಪರಿಹಾರವನ್ನೂ ವಿವರಿಸಿ ಪ್ರಬಂಧ ಬರೆದರು. ಮೆಮೊರಿ ಸ್ವಲ್ಪ ಕಡಿಮೆಯಾದರೆ ಯಂತ್ರ ಸ್ವಲ್ಪ ನಿಧಾನವಾಗುವುದಿಲ್ಲ. ಒಂದು ಮಿತಿ ದಾಟಿದೊಡನೆ ಕುಸಿದೇ ಬೀಳುತ್ತದೆ. ನಿಮ್ಮ ಗಣಕದಲ್ಲಿ ನಾಲ್ಕಾರು ಕಿಟಕಿಗಳನ್ನು ತೆರೆದೊಡನೆ ಎಲ್ಲವೂ ಸ್ತಬ್ಧವಾದಂತೆ ಅನಿಸುವುದು ಇದರಿಂದಲೇ. ಅಂತಹ ಯಂತ್ರಕ್ಕೆ ಇನ್ನೊಂದು ಮೆಮೊರಿ ಪಟ್ಟಿ ಹಾಕಿದರೆ ಅದು ಮರುಹುಟ್ಟು ಪಡೆದಂತೆ ಓಡುತ್ತದೆ. ಮೆಮೊರಿ ಸಾಕಷ್ಟಿದ್ದೂ ಮತ್ತಷ್ಟು ಹಾಕಿದರೆ ಮಾತ್ರ ಹೆಚ್ಚಿನ ಲಾಭವೇನೂ ಕಾಣುವುದಿಲ್ಲ. ಖಾಲಿ ಮೇಜು ಅಡುಗೆ ಮಾಡುವುದಿಲ್ಲವಷ್ಟೆ.

ಬಾಗಿಲು ತೆರೆದಿಟ್ಟ ಪೆಟ್ಟಿಗೆ

ಇಲ್ಲಿಯವರೆಗಿನ ಕಥೆಯಲ್ಲಿ ಬಿಡಿಭಾಗ ಬದಲಿಸಿದವರು ತಜ್ಞರು. ಸಾಮಾನ್ಯ ಬಳಕೆದಾರರಿಗೂ ಈ ಅವಕಾಶವನ್ನು ದೊಡ್ಡ ಪ್ರಮಾಣದಲ್ಲಿ ಒದಗಿಸಿದ್ದು 1981ರ ಆಗಸ್ಟ್‌ನಲ್ಲಿ ಹೊರಬಂದ ಐಬಿಎಂ ಪಿಸಿ. ಅತ್ಯಂತ ಅಗ್ಗದ ಮಾದರಿಯಲ್ಲಿ ಇದ್ದದ್ದು 16 ಕಿಲೋಬೈಟ್ ಮೆಮೊರಿ ಮಾತ್ರ. ಆದರೆ ಪೆಟ್ಟಿಗೆಯೊಳಗೆ ಹೆಚ್ಚುವರಿ ಕಾರ್ಡುಗಳಿಗಾಗಿ ಐದು ಸ್ಲಾಟುಗಳಿದ್ದವು. ಯಂತ್ರದ ವಿದ್ಯುನ್ಮಂಡಲದ ನಕ್ಷೆಗಳನ್ನು ಕಂಪನಿಯೇ ಕೈಪಿಡಿಯಲ್ಲಿ ಅಚ್ಚುಹಾಕಿಸಿತ್ತು. ಹಾಗಾಗಿ ಬೇರೆ ಬೇರೆ ತಯಾರಕರು ಮೆಮೊರಿ ಕಾರ್ಡು, ಡಿಸ್ಕ್ ಕಾರ್ಡುಗಳನ್ನು ಮಾಡಿ ಮಾರತೊಡಗಿದರು.

ಪ್ರೊಸೆಸರ್‌ನ ಪಕ್ಕದಲ್ಲಿ ಒಂದು ಖಾಲಿ ಗೂಡನ್ನೂ ಬಿಟ್ಟಿದ್ದರು. ಅದರಲ್ಲಿ ಇಂಟೆಲ್ ಕಂಪನಿಯ 8087 ಎಂಬ ಗಣಿತದ ಚಿಪ್ಪನ್ನು ಕೂರಿಸಬಹುದಾಗಿತ್ತು. ದಶಮಾಂಶಗಳ ದೊಡ್ಡ ಲೆಕ್ಕಗಳು ಇದರಿಂದ ಹತ್ತಾರು ಪಟ್ಟು ಬೇಗ ಮುಗಿಯುತ್ತಿದ್ದವು. ಆದರೆ ಅದೇ ಯಂತ್ರದಲ್ಲಿ ಪತ್ರ ಟೈಪ್ ಮಾಡುವವನಿಗೆ ಈ ಚಿಪ್ಪಿನಿಂದ ಏನೂ ಲಾಭವಿರಲಿಲ್ಲ. ಎಂಜಿನಿಯರಿಗೆ ವರವಾದದ್ದು ಗುಮಾಸ್ತನಿಗೆ ದಂಡದ ಖರ್ಚು!

ಇದರ ಹಿಂದಿನ ಗಣಿತವನ್ನು 1967ರಲ್ಲಿಯೇ ಜೀನ್ ಆಮ್‌ಡಾಲ್ ಎಂಬ ಗಣಕ ಶಿಲ್ಪಿ ಎತ್ತಿ ತೋರಿಸಿದ್ದರು. ಒಂದು ಉದಾಹರಣೆ ನೋಡಿ. ಒಂದು ಕೆಲಸಕ್ಕೆ 10 ನಿಮಿಷ ಹಿಡಿಯುತ್ತದೆ ಎನ್ನಿ. ಅದರಲ್ಲಿ 9 ನಿಮಿಷ ಡಿಸ್ಕಿಗಾಗಿ ಕಾಯುವುದು, 1 ನಿಮಿಷ ಲೆಕ್ಕ. ಎರಡು ಪಟ್ಟು ವೇಗದ ಪ್ರೊಸೆಸರ್ ಹಾಕಿದರೆ ಉಳಿಯುವುದು ಅರ್ಧ ನಿಮಿಷ. ಕೆಲಸಕ್ಕೆ ಇನ್ನೂ ಒಂಬತ್ತೂವರೆ ನಿಮಿಷ ಬೇಕು. ಪ್ರೊಸೆಸರ್ ಮುಟ್ಟದೆ ಹತ್ತು ಪಟ್ಟು ವೇಗದ ಡಿಸ್ಕ್ ಹಾಕಿದರೆ ಕೆಲಸ ಎರಡು ನಿಮಿಷದೊಳಗೆ ಮುಗಿಯುತ್ತದೆ. ಹಣ ಖರ್ಚು ಮಾಡುವ ಮುನ್ನ ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡುವುದು ಒಳ್ಳೆಯದು.

ತಿರುಗುವ ತಟ್ಟೆಯಿಂದ ಮುಕ್ತಿ

ಈಗ ಉಗ್ರಾಣದ ಕಡೆಗೆ ಬರೋಣ. 1956ರಲ್ಲಿ ಐಬಿಎಂ ಕಂಪನಿ ರಾಮಾಕ್ ಎಂಬ ಗಣಕದೊಂದಿಗೆ ಮೊದಲ ಹಾರ್ಡ್ ಡಿಸ್ಕನ್ನು ಹೊರತಂದಿತು. 24 ಅಂಗುಲ ಅಗಲದ 50 ತಟ್ಟೆಗಳು ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದವು. ಅದರಲ್ಲಿ 50 ಲಕ್ಷ ಅಕ್ಷರಗಳನ್ನು ಇಡಬಹುದಿತ್ತು. ಅರ್ಧ ಶತಮಾನದ ನಂತರ ಡಿಸ್ಕುಗಳು ಅಂಗೈಯಗಲವಾಗಿ, ಲಕ್ಷ ಪಟ್ಟು ಹೆಚ್ಚು ಮಾಹಿತಿ ಹಿಡಿಯತೊಡಗಿದವು. ಆದರೆ ಮೇಜಿನ ಮೇಲಿನ ಸಾಮಾನ್ಯ ಗಣಕದಲ್ಲಿ ತಿರುಗುವ ವೇಗ ನಿಮಿಷಕ್ಕೆ 7,200 ಸುತ್ತು, ಅಂದರೆ ಆರು ಪಟ್ಟು ಮಾತ್ರ ಏರಿತ್ತು. ಲೋಹದ ತಟ್ಟೆಯನ್ನು ಮನಸ್ಸು ಬಂದಷ್ಟು ಜೋರಾಗಿ ತಿರುಗಿಸಲಾಗದು.

ಈ ವೇಗದಲ್ಲಿ ಒಂದು ಸುತ್ತಿಗೆ ಸುಮಾರು 8 ಮಿಲಿಸೆಕೆಂಡು ಬೇಕು. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡು. ನಮಗೆ ಇದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಕಾಲ. ಆದರೆ ಸೆಕೆಂಡಿಗೆ ನೂರು ಕೋಟಿ ಹೆಜ್ಜೆ ಇಡುವ ಪ್ರೊಸೆಸರ್‌ಗೆ ಅದು 40 ಲಕ್ಷ ಹೆಜ್ಜೆಗಳ ಕಾಲ! ಅಷ್ಟು ಹೊತ್ತು ಭಟ್ಟರು ಸೌಟು ಹಿಡಿದು ನಿಂತಿರುತ್ತಾರೆ.

ಇದಕ್ಕೆ ಪರಿಹಾರ ಜಪಾನಿನಿಂದ ಬಂದಿತು. ತೋಷಿಬಾ ಕಂಪನಿಯ ಎಂಜಿನಿಯರ್ ಫುಜಿಯೊ ಮಸುವೊಕ 1984ರಲ್ಲಿ ಫ್ಲಾಷ್ ಮೆಮೊರಿಯನ್ನು ವಿದ್ವಾಂಸರ ಮುಂದಿಟ್ಟರು. ವಿದ್ಯುತ್ತು ಇಲ್ಲದಿದ್ದರೂ ಮಾಹಿತಿಯನ್ನು ಕಾಪಾಡುವ, ತಿರುಗುವ ಭಾಗವೇ ಇಲ್ಲದ ಚಿಪ್ಪು ಇದು. ಇದನ್ನೇ ಬಳಸಿ 1991ರಲ್ಲಿ ಸನ್‌ಡಿಸ್ಕ್ ಕಂಪನಿ 20 ಮೆಗಾಬೈಟಿನ ಒಂದು ಡ್ರೈವ್ ತಯಾರಿಸಿತು; ಬೆಲೆ ಸುಮಾರು ಸಾವಿರ ಡಾಲರ್. ಬೆಲೆ ಇಳಿಯಲು ಬಹಳ ವರ್ಷ ಬೇಕಾಯಿತು. 2008ರ ಸುಮಾರಿನಿಂದ ಎಸ್‌ಎಸ್‌ಡಿ ಎಂಬ ಹೆಸರಿನಲ್ಲಿ ಇವು ಸಾಮಾನ್ಯ ಗಣಕಗಳೊಳಗೆ ಬರತೊಡಗಿದವು. ಇದರಲ್ಲಿ ಮಾಹಿತಿಯನ್ನು ತಲುಪಲು ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗ, ಇಲ್ಲವೇ ಅದಕ್ಕಿಂತಲೂ ಕಡಿಮೆ ಸಾಕು. ಹಳೆಯ ಹಾರ್ಡ್ ಡಿಸ್ಕಿನ ಅಳತೆಯಲ್ಲೇ, ಅದೇ ಕೇಬಲ್ಲಿಗೆ ಹೊಂದುವಂತೆ ಇವನ್ನು ತಯಾರಿಸಿದ್ದರಿಂದ ಹತ್ತು ವರ್ಷದ ಹಳೆಯ ಯಂತ್ರಕ್ಕೂ ಹೊಸ ಉಗ್ರಾಣ ದೊರೆಯಿತು.

ನಾವು ಮಾಡಬೇಕಾದದ್ದೇನು?

ಮೊದಲು ಕಾಯಿಲೆ ಯಾವುದೆಂದು ತಿಳಿಯಬೇಕು. ವಿಂಡೋಸ್ ಇರುವ ಗಣಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಯಂತ್ರ ನಿಧಾನವಾಗಿರುವ ಹೊತ್ತಿನಲ್ಲಿಯೇ ನೋಡಿ. ಮೆಮೊರಿ ತುಂಬಿ ತುಳುಕುತ್ತಿದ್ದರೆ ಮೆಮೊರಿ ಬೇಕು. ಮೆಮೊರಿ ಬಿಡುವಾಗಿದ್ದು, ತಿರುಗುವ ಡಿಸ್ಕ್ ಸದಾ ನೂರಕ್ಕೆ ನೂರು ದುಡಿಯುತ್ತಿದ್ದರೆ ಎಸ್‌ಎಸ್‌ಡಿ ಬೇಕು. ಎರಡೂ ತುಂಬಿದ್ದರೆ ಮೊದಲು ಮೆಮೊರಿಯನ್ನೇ ನೋಡಿ. ಡಿಸ್ಕಿನ ಓಡಾಟಕ್ಕೆ ಕಿರಿದಾದ ಮೇಜೇ ಕಾರಣವಾಗಿರಬಹುದು. ಪ್ರೊಸೆಸರ್ ಒಂದೇ ಸಮನೆ ದುಡಿಯುತ್ತಿದ್ದರೆ ಈ ಎರಡರಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಕೆಲವೊಮ್ಮೆ ಫ್ಯಾನಿಗೆ ಧೂಳು ಮೆತ್ತಿ, ಪ್ರೊಸೆಸರ್ ಬಿಸಿಯಾಗಿ, ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡಿರುತ್ತದೆ. ಆಗ ಬೇಕಾದದ್ದು ಒಂದು ಮೆತ್ತನೆಯ ಬ್ರಷ್ ಅಷ್ಟೆ.

ಮೆಮೊರಿಯಲ್ಲಿ ಪೀಳಿಗೆಗಳಿವೆ ಎಂಬುದನ್ನೂ ಮರೆಯಬಾರದು. ಡಿಡಿಆರ್3 ಪಟ್ಟಿ ಡಿಡಿಆರ್4 ಸ್ಲಾಟಿನಲ್ಲಿ ಕೂರುವುದಿಲ್ಲ; ತಪ್ಪಾಗಬಾರದೆಂದೇ ಪಟ್ಟಿಯ ಕಚ್ಚನ್ನು ಬೇರೆ ಬೇರೆ ಕಡೆ ಕೊರೆದಿರುತ್ತಾರೆ. ಪೆಟ್ಟಿಗೆ ತೆರೆಯುವ ಮುನ್ನ ಮಾಹಿತಿಯ ಪ್ರತಿ ತೆಗೆದಿಟ್ಟುಕೊಳ್ಳಿ, ವಿದ್ಯುತ್ ತಂತಿಯನ್ನು ಕಿತ್ತುಬಿಡಿ, ಲೋಹವನ್ನು ಮುಟ್ಟಿ ಮೈಯಲ್ಲಿನ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಳ್ಳಿ. ಮೊದಲ ಸಲ ತಿಳಿದವರ ಜೊತೆಯಲ್ಲಿಯೇ ಮಾಡಿ. ವೇಗ ಬಂದ ಮಾತ್ರಕ್ಕೆ ಎಲ್ಲ ತೊಂದರೆಯೂ ತೀರಿತೆಂದಲ್ಲ. ಉದಾಹರಣೆಗೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಮುಂದಿನ ಆವೃತ್ತಿಗೆ ಅರ್ಹವಲ್ಲದ ಹಳೆಯ ಯಂತ್ರಗಳಲ್ಲಿ ಲಿನಕ್ಸ್‌ನಂತಹ ಮುಕ್ತ ತಂತ್ರಾಂಶವನ್ನು ಹಾಕಿಕೊಂಡು ಮುಂದುವರಿಯಬಹುದು.

ಕೊನೆಯದಾಗಿ ಒಂದು ಮಾತು. 1981ರ ಪೆಟ್ಟಿಗೆ ತೆರೆದಿಟ್ಟ ಬಾಗಿಲು ಈಗ ನಿಧಾನವಾಗಿ ಮುಚ್ಚುತ್ತಿದೆ. ಇತ್ತೀಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಮುಖ್ಯ ಫಲಕಕ್ಕೆ ಬೆಸುಗೆ ಹಾಕಿಬಿಟ್ಟಿರುತ್ತಾರೆ. ಇದರಿಂದ ಯಂತ್ರ ತೆಳ್ಳಗಾಗುತ್ತದೆ, ವಿದ್ಯುತ್ತೂ ಉಳಿಯಬಹುದು ಎಂಬುದು ನಿಜ. ಆದರೆ ಕೊಂಡ ದಿನ ಎಷ್ಟು ಮೆಮೊರಿಯೋ ಕೊನೆಯ ದಿನವೂ ಅಷ್ಟೇ. ಮೇಜು ಸಾಲದಾದಾಗ ಅಡುಗೆಮನೆಯನ್ನೇ ಕೆಡವಿ ಕಟ್ಟಬೇಕು! ಹೀಗೆ ಎಸೆದ ಯಂತ್ರಗಳಲ್ಲಿನ ಸೀಸದಂತಹ ಲೋಹಗಳು ಮಣ್ಣಿಗೂ ನೀರಿಗೂ ಸೇರುವ ಅಪಾಯವಿದೆ. ಆದ್ದರಿಂದ ಹೊಸ ಯಂತ್ರ ಕೊಳ್ಳಲು ಹೋದಾಗ ಬೆಲೆ, ಬಣ್ಣಗಳ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನೂ ಕೇಳಿ: ಇದರ ಮೆಮೊರಿಯನ್ನು ಮುಂದೆ ಹೆಚ್ಚಿಸಬಹುದೇ? ಡಿಸ್ಕನ್ನು ಬದಲಿಸಬಹುದೇ? ಮನೆಯಲ್ಲಿ ಹಳೆಯ ಯಂತ್ರವಿದ್ದರೆ, ಅದು ಎಲ್ಲಿ ಕಾಯುತ್ತಿದೆ ಎಂದು ಈ ಭಾನುವಾರವೇ ನೋಡಿ. ತಮ್ಮನೋ ತಂಗಿಯೋ ಇನ್ನೂ ನಾಲ್ಕು ವರ್ಷ ಅದರಲ್ಲೇ ಕಲಿಯಬಹುದು.